ಪುಟ್ಟ ಮಕ್ಕಳ ಭಾವನೆಗಳು, ಅವರ ಟೀಚರ್‌ಗಳ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷದೊಳಗಿನ ಮಕ್ಕಳ ಜೊತೆ ಕೆಲಸ ಮಾಡುವ ಟೀಚರ್‌ಗಳು, ಅವರಿಗೆ ತರಬೇತಿ ಕೊಡುವವರು, ಶಾಲೆ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು, ಹೆಚ್ಚಿನವು ತರಬೇತಿಯ ಬಿಡುವಿನಲ್ಲಿ ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ.

## ಮೊದಲ ಹೆಜ್ಜೆ

ಮೂರು ವರ್ಷದ ಮಗುವಿಗೆ ಭಾವನೆ ಕಲಿಸೋದು ಅಂದ್ರೆ ಏನು? ಅದಕ್ಕೇನು ಅರ್ಥ ಆಗುತ್ತೆ?

ಭಾವನೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಮಗುವಿನ ಜೊತೆಗೇ ಬಂದಿರುತ್ತದೆ. ಭಾವನೆ ಬಂದಾಗ ಏನು ಮಾಡಬೇಕು ಅನ್ನುವುದು ಮಾತ್ರ ಕಲಿಯಬೇಕಾದ ವಿಷಯ. ಒಳಗೆ ಏನೋ ಆಗುತ್ತಿದೆ ಅಂತ ಗುರುತಿಸುವುದು, ಅದಕ್ಕೆ ಹೆಸರು ಹೇಳುವುದು, ಎದುರಿನವರ ಮುಖ ನೋಡಿ ಅವರಿಗೇನಾಗಿದೆ ಅಂತ ಊಹಿಸುವುದು, ಸಿಟ್ಟು ಬಂದರೂ ಕೈ ಎತ್ತದಿರುವುದು, ಸರದಿಗೆ ಕಾಯುವುದು, ಜಗಳ ಆದಮೇಲೆ ಮತ್ತೆ ಒಟ್ಟಿಗೆ ಆಡುವುದು. ಇವೆಲ್ಲ ಅಭ್ಯಾಸದಿಂದ ಬರುತ್ತವೆ, ನಿಧಾನವಾಗಿ ಬರುತ್ತವೆ.

ಇದಕ್ಕೆ ವಾರಕ್ಕೊಂದು ಪಿರಿಯಡ್ ಇಟ್ಟರೆ ಆಯಿತು ಅಂದುಕೊಳ್ಳುವವರು ಬಹಳ ಜನ. ನಾನು ಒಪ್ಪುವುದಿಲ್ಲ. ನಗುವ ಮುಖ, ಅಳುವ ಮುಖದ ಚಾರ್ಟ್ ಗೋಡೆಗೆ ಅಂಟಿಸುವುದು ಸುಲಭದ ಕೆಲಸ. ಒಂದೇ ಬಕೆಟ್‌ಗಾಗಿ ಇಬ್ಬರು ಕಿತ್ತಾಡುತ್ತಿರುವಾಗ ಟೀಚರ್ ಹೇಗೆ ನಡೆದುಕೊಳ್ಳುತ್ತಾರೋ, ಮಕ್ಕಳು ಅದನ್ನೇ ಕಲಿಯುತ್ತಾರೆ. ತರಬೇತಿಯೂ ಆ ಒಂದೆರಡು ನಿಮಿಷಗಳ ಮೇಲೇ ಕಣ್ಣಿಡಬೇಕು.

ಮಕ್ಕಳನ್ನ ಕಂಡ್ರೆ ನಂಗೆ ತುಂಬಾ ಪ್ರೀತಿ. ಅಷ್ಟು ಸಾಲದಾ? ತರಬೇತಿ ಯಾಕೆ ಬೇಕು?

ಪ್ರೀತಿ ಬೇಕೇ ಬೇಕು. ಆದರೆ ಮೂವರು ಒಟ್ಟಿಗೆ ಅಳುತ್ತಿದ್ದು, ನಾಲ್ಕನೆಯವನು ನಿಮ್ಮ ಕೈ ಕಚ್ಚಿದಾಗ ಬಾಯಿಗೆ ಬರುವುದು ಪ್ರೀತಿಯ ಮಾತಲ್ಲ. ನಾವು ಚಿಕ್ಕವರಿದ್ದಾಗ ನಮಗೆ ಯಾರೋ ಹೇಳಿದ ಮಾತು. ಅದನ್ನು ಬದಲಾಯಿಸಲು ಬರೀ ಒಳ್ಳೆ ಮನಸ್ಸು ಸಾಲದು, ಅಭ್ಯಾಸ ಬೇಕು.

ಮಗು ತಾನು ನಂಬಿದ ಹಿರಿಯರನ್ನು ನೆಲೆ ಮಾಡಿಕೊಂಡು ಸುತ್ತಲಿನ ಲೋಕ ನೋಡಲು ಹೊರಡುತ್ತದೆ, ಹೆದರಿದಾಗ ಅಲ್ಲಿಗೇ ಓಡಿಬರುತ್ತದೆ. ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ಇಬ್ಬರೂ ತಮ್ಮ ಜೀವಮಾನವಿಡೀ ಅಭ್ಯಾಸ ಮಾಡಿದ್ದು ಈ ನಂಟನ್ನೇ. ಹಿರಿಯರು ಮಾಡಬೇಕಾದದ್ದನ್ನು ಐನ್ಸ್‌ವರ್ತ್ ಸರಳವಾಗಿ ಬಿಡಿಸಿಟ್ಟರು: ಮಗು ಕೊಡುವ ಸೂಚನೆಯನ್ನು ಗಮನಿಸಬೇಕು, ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ತಡ ಮಾಡದೆ ತಕ್ಕ ಹಾಗೆ ಸ್ಪಂದಿಸಬೇಕು. ಇದರಲ್ಲಿ ಹುಟ್ಟುಗುಣ ಅಂತ ಬಿಟ್ಟುಬಿಡುವಂಥದ್ದು ಯಾವುದೂ ಇಲ್ಲ. ಎಲ್ಲವನ್ನೂ ಕಲಿಯಬಹುದು.

ಯಾವ ವಯಸ್ಸಿಗೆ ಎಷ್ಟು ನಿರೀಕ್ಷೆ ಮಾಡಬಹುದು?

ನಾವು ನಿರೀಕ್ಷಿಸುವುದಕ್ಕಿಂತ ಕಮ್ಮಿ. ಮೊದಲ ವರ್ಷದಲ್ಲಿ ಮಗು ಸಮಾಧಾನಕ್ಕೆ ಹೆಚ್ಚೂಕಮ್ಮಿ ಪೂರ್ತಿ ದೊಡ್ಡವರನ್ನೇ ನೆಚ್ಚಿಕೊಂಡಿರುತ್ತದೆ. ಎಂಟು ತಿಂಗಳ ಸುಮಾರಿಗೆ ಹೊಸ ಮುಖಗಳ ಹೆದರಿಕೆ, ಬಿಟ್ಟುಹೋಗುತ್ತಾರೆ ಅನ್ನುವ ಹೆದರಿಕೆ ಶುರುವಾಗುತ್ತದೆ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಕನ್ನಡಿಯಲ್ಲಿ ಕಾಣುವುದು ತಾನೇ ಅಂತ ಗೊತ್ತಾಗುತ್ತದೆ. ಹೆಮ್ಮೆ, ನಾಚಿಕೆ, ಅವಮಾನ ಬರುವುದು ಅದರ ನಂತರ. ಎರಡು ವರ್ಷ ದಾಟಿದ ಮಗುವನ್ನು ಎಲ್ಲರೆದುರು ಬೈದರೆ ಅದಕ್ಕೇನೂ ಗೊತ್ತಾಗುವುದಿಲ್ಲ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮುಖ ನೋಡಿ ಭಾವನೆ ಗುರುತಿಸುವಾಗ ಮೊದಲು ಸಿಗುವುದು ಖುಷಿ, ಆಮೇಲೆ ದುಃಖ ಮತ್ತು ಸಿಟ್ಟು. ಹೆದರಿಕೆಯನ್ನು ಗುರುತಿಸಲು ಇನ್ನೂ ಸಮಯ ಬೇಕು. ತನಗೆ ಗೊತ್ತಿರುವುದು ಬೇರೆ, ಎದುರಿನವರಿಗೆ ಗೊತ್ತಿರುವುದು ಬೇರೆ ಅನ್ನುವುದು ಸುಮಾರು ನಾಲ್ಕು ವರ್ಷಕ್ಕೆ ಹೊಳೆಯುತ್ತದೆ. ಒಂದೇ ವಿಷಯಕ್ಕೆ ಖುಷಿಯೂ ಬೇಜಾರೂ ಒಟ್ಟಿಗೆ ಆಗಬಹುದು ಅನ್ನುವುದು ಶಾಲೆಗೆ ಹೋಗುವ ವಯಸ್ಸಿನಲ್ಲೇ ತಿಳಿಯುವುದು. ಆವೇಗವನ್ನು ಹಿಡಿದಿಡುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಆಸುಪಾಸು ಬೇಕು. ಹಾಗಿರುವಾಗ ಮೂರು ವರ್ಷದ ಮಗು 'ಬೇಕು ಅಂತಲೇ ಮಾಡುತ್ತೆ' ಅನ್ನುವ ದೂರು ಅಷ್ಟು ಸರಿಯಲ್ಲ.

ಇದಕ್ಕೆಲ್ಲ ಸಮಯ ಕೊಟ್ರೆ ಅಕ್ಷರ, ಅಂಕಿ ಹಿಂದೆ ಬೀಳಲ್ವಾ?

ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರೆಡಿ ಅನ್ನುವ ಕಾರ್ಯಕ್ರಮ ನಡೆಯಿತು. ಅದರಲ್ಲಿ ಭಾವನೆಯ ಪಾಠವನ್ನೂ ಭಾಷೆಯ ಪಾಠವನ್ನೂ ಹೆಣೆದು ಟೀಚರ್‌ಗಳಿಗೆ ತರಬೇತಿ ಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಕ್ಕಳ ಶಬ್ದಭಂಡಾರವೂ ಬೆಳೆದಿತ್ತು, ಭಾವನೆ ಅರ್ಥ ಮಾಡಿಕೊಳ್ಳುವ ಶಕ್ತಿಯೂ ಬೆಳೆದಿತ್ತು. ಹೆದರಿ ಕೂತ ಮಗುವಿಗೆ ಅಕ್ಷರ ತಲೆಗೆ ಹತ್ತುವುದಿಲ್ಲ ಅಂತ ಟೀಚರ್‌ಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ.

## ತರಗತಿಯ ಒಳಗೆ

ಹೊಸದಾಗಿ ಸೇರಿದ ಮಗು ಅಳು ನಿಲ್ಲಿಸೋದೇ ಇಲ್ಲ. ಅಮ್ಮ ಕಣ್ಣು ತಪ್ಪಿಸಿ ಹೋದ್ರೆ ಒಳ್ಳೇದಲ್ವಾ?

ಆ ದಿನಕ್ಕೆ ಒಳ್ಳೆಯದು ಅನ್ನಿಸಬಹುದು, ಮರುದಿನಕ್ಕಲ್ಲ. ಒಮ್ಮೆ ಹಾಗೆ ಮಾಯವಾದರೆ ಮಗು ಮುಂದೆ ಅಮ್ಮನ ಸೆರಗು ಬಿಡುವುದಿಲ್ಲ. ಯಾವ ಹೊತ್ತಿನಲ್ಲಿ ಹೋಗಿಬಿಡುತ್ತಾಳೋ ಅಂತ ಕಾಯುತ್ತಾ ಕೂರುತ್ತದೆ. ಆಟದ ಕಡೆ ಗಮನ ಹೋಗುವುದಾದರೂ ಹೇಗೆ?

ಜರ್ಮನಿಯಲ್ಲಿ ಬಳಕೆಯಲ್ಲಿರುವ ಬರ್ಲಿನ್ ಮಾದರಿ ನನಗೆ ತುಂಬಾ ಹಿಡಿಸಿದೆ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಕೊಠಡಿಯಲ್ಲೇ ಸುಮ್ಮನೆ ಕೂರುತ್ತಾರೆ. ಟೀಚರ್ ನಿಧಾನವಾಗಿ ಹತ್ತಿರ ಬರುತ್ತಾರೆ. ಬಿಟ್ಟುಹೋಗುವ ಪ್ರಯತ್ನವೇ ಇಲ್ಲ. ನಾಲ್ಕನೇ ದಿನ ವಿದಾಯ ಹೇಳಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾರೆ. ಮಗು ಅತ್ತರೂ ಟೀಚರ್ ಕೈಯಲ್ಲಿ ಸಮಾಧಾನ ಆಗುತ್ತದಾ ಅನ್ನುವುದೇ ನೋಡಬೇಕಾದದ್ದು. ಸಮಾಧಾನವಾದರೆ ಸರಿ, ಅವಧಿಯನ್ನು ಹೆಚ್ಚಿಸುತ್ತಾ ಹೋಗಬಹುದು. ಆಗದಿದ್ದರೆ ಇನ್ನೂ ಕೆಲವು ದಿನ ಜೊತೆಗಿರಬೇಕು.

ಇಷ್ಟು ದಿನ ಜೊತೆಗಿರಲು ಎಲ್ಲ ಮನೆಯವರಿಗೂ ಆಗುವುದಿಲ್ಲ. ಆದರೂ ಮೂರು ವಿಷಯ ಬಿಡಬೇಡಿ. ಪ್ರತಿ ಹೊಸ ಮಗುವಿಗೆ ಒಬ್ಬ ಟೀಚರ್ ಗೊತ್ತು ಮಾಡಿ. ವಿದಾಯ ಹೇಳಿಯೇ ಹೋಗಲಿ, ಚಿಕ್ಕದಾಗಿ, ದಿನಾ ಒಂದೇ ರೀತಿ. ಮನೆಯಿಂದ ತಂದ ಬೊಂಬೆಯೋ ಬಟ್ಟೆಯ ತುಂಡೋ ಕೈಯಲ್ಲಿದ್ದರೆ ಕಿತ್ತುಕೊಳ್ಳಬೇಡಿ.

ಅವನು ನೆಲದ ಮೇಲೆ ಬಿದ್ದು ಹೊರಳಾಡುವಾಗ 'ನಿಂಗೆ ಸಿಟ್ಟು ಬಂದಿದೆ ಅಲ್ವಾ' ಅಂದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದೇ ಅದು. ಇನ್ನೂ ಜೋರಾಯ್ತು!

ಈ ಪ್ರಶ್ನೆ ಪ್ರತಿ ತರಬೇತಿಯಲ್ಲೂ ಬರುತ್ತದೆ, ಕೇಳುವವರ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ನ್ಯಾಯವೇ. ಮಾತು ಸರಿ ಇತ್ತು, ಹೇಳಿದ ಹೊತ್ತು ಸರಿ ಇರಲಿಲ್ಲ.

ಭಾವನೆಗೆ ಹೆಸರಿಟ್ಟರೆ ಅದರ ಬಿಸಿ ಇಳಿಯುತ್ತದೆ ಅನ್ನುವುದಕ್ಕೆ ಆಧಾರ ಇದೆ. 2007ರಲ್ಲಿ ಮ್ಯಾಥ್ಯೂ ಲೀಬರ್ಮನ್ ತಂಡ ಮಾಡಿದ ಪ್ರಯೋಗದಲ್ಲಿ, ಮುಖಗಳ ಫೋಟೋ ನೋಡಿ ಭಾವನೆಯ ಹೆಸರು ಹೇಳಿದಾಗ ಮೆದುಳಿನಲ್ಲಿ ಹೆದರಿಕೆಯಂಥ ಭಾವನೆಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿದದ್ದು ಕಂಡಿತು. ಆದರೆ ಆ ಪ್ರಯೋಗದಲ್ಲಿದ್ದವರು ದೊಡ್ಡವರು, ಆರಾಮಾಗಿ ಚಿತ್ರ ನೋಡುತ್ತಿದ್ದವರು. ನೆಲದ ಮೇಲೆ ಕೈಕಾಲು ಬಡಿಯುತ್ತಿರುವ ಮಗುವಿಗೆ ಅದನ್ನು ಹಾಗೇ ಹೊಂದಿಸಲಾಗದು.

ಮೈಕೇಲ್ ಪೊಟೆಗಾಲ್ ಮತ್ತು ರಿಚರ್ಡ್ ಡೇವಿಡ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದೂವರೆಯಿಂದ ಐದು ವರ್ಷದ ಮಕ್ಕಳ ರಂಪಾಟಗಳನ್ನು ಅಪ್ಪ ಅಮ್ಮಂದಿರು ವಿವರವಾಗಿ ಬರೆದುಕೊಟ್ಟಿದ್ದರು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಅರ್ಧದಿಂದ ಒಂದು ನಿಮಿಷದ ರಂಪಾಟಗಳು. ನೂರಕ್ಕೆ 75ರಷ್ಟು ಐದು ನಿಮಿಷದೊಳಗೆ ಮುಗಿದಿದ್ದವು. ಸಿಟ್ಟು ಶುರುವಿನಲ್ಲೇ ಏರಿ ಆಮೇಲೆ ಇಳಿಯುತ್ತದೆ. ದುಃಖ ಉದ್ದಕ್ಕೂ ಇರುತ್ತದೆ, ಕೊನೆಗೆ ಮಗು ತಾನಾಗಿ ಯಾರ ಹತ್ತಿರವಾದರೂ ಹೋಗುತ್ತದೆ.

ಹಾಗಾದರೆ ಸಿಟ್ಟಿನ ತುದಿಯಲ್ಲಿ ಮಾತು ಕಮ್ಮಿ. ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ಉಳಿದ ಮಕ್ಕಳನ್ನು ಸ್ವಲ್ಪ ದೂರ ಸರಿಸಿ, ನೀವು ನೆಲದ ಮೇಲೆ ಕೂರಿ. 'ನಾನಿಲ್ಲೇ ಇದ್ದೀನಿ' ಅಂದರೆ ಸಾಕು. ಅಳುವಿನ ಧಾಟಿ ಬದಲಾಗಿ ಬಿಕ್ಕಳಿಕೆಯಾದಾಗ ಹತ್ತಿರ ಸರಿಯಿರಿ. ಪೂರ್ತಿ ತಣ್ಣಗಾದಮೇಲೆ, ಬೇಕಾದರೆ ಅರ್ಧ ಗಂಟೆ ಬಿಟ್ಟು, 'ಆಗ ನಿಂಗೆ ತುಂಬಾ ಸಿಟ್ಟು ಬಂದಿತ್ತು, ಕಟ್ಟಿದ ಗೋಪುರ ಬಿದ್ದುಹೋಯ್ತಲ್ಲ' ಅನ್ನಿ. ಆಗ ಅದು ಕಿವಿಗೆ ಬೀಳುತ್ತದೆ.

ತರಬೇತಿಯಲ್ಲಿ ಇದನ್ನು ಜೋಡಿಯಾಗಿ ಮಾಡಿಸಬೇಕು. ಒಬ್ಬರು ಮಗು, ಒಬ್ಬರು ಟೀಚರ್. ಟೀಚರ್ ಆದವರು ಒಂದು ನಿಮಿಷ ಪಕ್ಕದಲ್ಲಿ ಸುಮ್ನೆ ಕೂರಬೇಕು, ಅಷ್ಟೇ. ಹೆಚ್ಚಿನವರು ಅರ್ಧ ನಿಮಿಷದಲ್ಲೇ ಮಾತು ಶುರು ಮಾಡುತ್ತಾರೆ. ಒಂದು ನಿಮಿಷ ಎಷ್ಟು ಉದ್ದ ಅಂತ ಮೈಗೆ ಗೊತ್ತಾಗುವುದು ಆಗಲೇ.

'ಅಳಬೇಡ' ಅನ್ನಲೇಬಾರದಾ?

ಅಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಮಡಿಲಲ್ಲಿಟ್ಟುಕೊಂಡು, ಬೆನ್ನು ಸವರುತ್ತಾ ಹೇಳುವ 'ಅಳಬೇಡ ಪುಟ್ಟಾ' ಬೇರೆ. ದೂರದಿಂದ ಬೆರಳು ತೋರಿಸಿ ಹೇಳುವುದು ಬೇರೆ. ಮಕ್ಕಳ ಭಾವನೆಗೆ ದೊಡ್ಡವರು ಪ್ರತಿಕ್ರಿಯಿಸುವ ರೀತಿಯನ್ನು ಜಾನ್ ಗಾಟ್ಮನ್ 1990ರ ದಶಕದಲ್ಲಿ ನಾಲ್ಕಾಗಿ ವಿಂಗಡಿಸಿದರು. ಕೆಲವರು ಅದನ್ನು ತಳ್ಳಿಹಾಕುತ್ತಾರೆ, ಕೆಲವರು ಅದಕ್ಕೆ ಗದರುತ್ತಾರೆ, ಕೆಲವರು ಒಪ್ಪಿಕೊಂಡು ಮಿತಿಯೇ ಇಲ್ಲದೆ ಬಿಟ್ಟುಬಿಡುತ್ತಾರೆ. ನಾಲ್ಕನೆಯವರು ಭಾವನೆಯನ್ನು ಒಪ್ಪಿಕೊಳ್ಳುತ್ತಾರೆ, ಆದರೆ ಎಲ್ಲ ನಡವಳಿಕೆಯನ್ನು ಒಪ್ಪುವುದಿಲ್ಲ. 'ಸಿಟ್ಟು ಬರಲಿ. ಹೊಡೆಯೋದು ಮಾತ್ರ ಬೇಡ.' ತರಬೇತಿ ಪಡೆದು ಬಂದ ಹೊಸ ಹುರುಪಿನಲ್ಲಿ ಕೆಲವರು ಮೂರನೆಯ ಗುಂಪಿಗೆ ಜಾರುತ್ತಾರೆ. ಮಿತಿ ಹೇಳುವುದೂ ಟೀಚರ್ ಕೆಲಸವೇ.

ನಮ್ಮಲ್ಲೊಂದು ಮಗು ಕಚ್ಚುತ್ತೆ. ಕಚ್ಚಿಸಿಕೊಂಡವರ ಅಪ್ಪ ಅಮ್ಮ ಜಗಳಕ್ಕೇ ಬಂದಿದ್ರು.

ಒಂದರಿಂದ ಮೂರು ವರ್ಷದ ನಡುವೆ ಕಚ್ಚುವುದು ತುಂಬಾ ಸಾಮಾನ್ಯ. ಮಾತು ಬರುವ ಮೊದಲು ಬಾಯಿ ಬರುತ್ತದೆ. ಮೊದಲು ಕಚ್ಚಿಸಿಕೊಂಡ ಮಗುವಿನ ಹತ್ತಿರ ಹೋಗಿ, ಆಮೇಲೆ ಕಚ್ಚಿದವನಿಗೆ ಚುಟುಕಾಗಿ 'ಕಚ್ಚಬಾರದು, ನೋವಾಗುತ್ತೆ' ಅನ್ನಿ. ಭಾಷಣ ಬೇಡ. ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರನ್ನು, ಅದಕ್ಕೆ ಸ್ವಲ್ಪ ಮೊದಲು ಏನಾಗುತ್ತಿತ್ತು. ಹೆಚ್ಚಿನ ಸಲ ಒಂದು ಜಾಡು ಸಿಗುತ್ತದೆ. ಊಟದ ಮುಂಚಿನ ಹಸಿವಿನ ಹೊತ್ತೋ, ಇಕ್ಕಟ್ಟಾದ ಮೂಲೆಯೋ, ಬೇರೆಯವರಿಗೆ ಕೊಡಲು ಮನಸ್ಸಿಲ್ಲದ ಒಂದೇ ಒಂದು ಆಟಿಕೆಯೋ. ಆ ಹೊತ್ತಿಗೆ ಒಬ್ಬರು ಮಗುವಿನ ಪಕ್ಕದಲ್ಲೇ ಇರಬೇಕು. ಕಚ್ಚಿದ ಮಗುವಿನ ಹೆಸರನ್ನು ಇನ್ನೊಂದು ಮನೆಯವರಿಗೆ ಹೇಳಬೇಡಿ. ನೀವೇನು ಮಾಡುತ್ತಿದ್ದೀರಿ ಅಂತ ಹೇಳಿ. ಅವರು ಕೇಳಬಯಸುವುದೂ ಅದನ್ನೇ.

ತಪ್ಪು ಮಾಡಿದವರ ಹತ್ರ ಸಾರಿ ಹೇಳಿಸ್ಬೇಕಾ?

ಬಲವಂತದ ಸಾರಿಯಿಂದ ಮಗು ಕಲಿಯುವುದು ಬಿಡಿಸಿಕೊಳ್ಳುವ ಉಪಾಯ. 'ಅವಳ ಮುಖ ನೋಡು, ಅಳ್ತಿದ್ದಾಳೆ. ಏನು ಮಾಡಿದ್ರೆ ಅವಳಿಗೆ ಸಮಾಧಾನ ಆಗುತ್ತೆ?' ಅಂತ ಕೇಳಿ. ನೀರು ತಂದುಕೊಡಬಹುದು, ಬಿದ್ದ ಬ್ಲಾಕ್ ಎತ್ತಿಕೊಡಬಹುದು.

ಟೈಮ್-ಔಟ್, ಅಂದ್ರೆ ತಪ್ಪು ಮಾಡಿದ ಮಗುವನ್ನ ಸ್ವಲ್ಪ ಹೊತ್ತು ಒಂಟಿಯಾಗಿ ಕೂರಿಸೋದು, ಬೇಡ ಅಂತ ತರಬೇತಿಯಲ್ಲಿ ಹೇಳ್ತೀರಿ. 'ಶಾಂತ ಮೂಲೆ'ಗೂ ಅದಕ್ಕೂ ಏನು ವ್ಯತ್ಯಾಸ?

ಮಗುವನ್ನು ಅಲ್ಲಿಗೆ ಶಿಕ್ಷೆಯಾಗಿ ಕಳಿಸಿದರೆ ಏನೂ ವ್ಯತ್ಯಾಸ ಇಲ್ಲ. ದಿಂಬು, ಮೆತ್ತನೆ ಚಾಪೆ, ಬಣ್ಣದ ಬಾಟಲಿ ಎಲ್ಲ ಇಟ್ಟು 'ಹೋಗಿ ಕೂತ್ಕೋ' ಅಂತ ಗದರಿಸುವ ತರಗತಿಗಳನ್ನು ನೋಡಿದ್ದೇನೆ. ಆ ಮೂಲೆಗೆ ಮಗು ತಾನಾಗಿ ಹೋಗಬಹುದು, ಬೇಕೆನಿಸಿದಾಗ ಬರಬಹುದು, ಬೇಕಿದ್ದರೆ ಟೀಚರ್ ಕೂಡ ಜೊತೆಗೆ ಬರುತ್ತಾರೆ. ಹೀಗಿದ್ದರೆ ಮಾತ್ರ ಅದು ಶಾಂತ ಮೂಲೆ.

ಅಲ್ಲಿ ಏನು ಮಾಡಬೇಕು ಅಂತ ಮಕ್ಕಳಿಗೆ ಗೊತ್ತಿರಬೇಕು. ಆಮೆಯ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. 1970ರ ದಶಕದಲ್ಲಿ ಆರ್ಥರ್ ರಾಬಿನ್ ಮತ್ತು ಮಾರ್ಲೀನ್ ಶ್ನೈಡರ್ ರೂಪಿಸಿದ್ದು ಇದು. ಸಿಟ್ಟು ಬಂದಾಗ ಆಮೆ ಹಾಗೆ ಚಿಪ್ಪಿನೊಳಗೆ ಮುದುರಿಕೊಳ್ಳುವುದು, ಮೂರು ಸಲ ನಿಧಾನವಾಗಿ ಉಸಿರಾಡುವುದು, ಏನು ಮಾಡಬಹುದು ಅಂತ ಯೋಚಿಸಿ ಹೊರಗೆ ಬರುವುದು. ಕಲಿಸಬೇಕಾದದ್ದು ಎಲ್ಲರೂ ನಗುನಗುತ್ತಾ ಇರುವಾಗ, ಬೊಂಬೆ ಹಿಡಿದು, ಮತ್ತೆ ಮತ್ತೆ. ಜಗಳದ ಮಧ್ಯೆ ಮೊದಲ ಸಲ ಆಮೆ ತೋರಿಸಿದರೆ ಪ್ರಯೋಜನವಿಲ್ಲ.

ಒಂದು ಹುಡುಗಿ ತುಂಬಾ ಒಳ್ಳೆಯವಳು. ಗಲಾಟೆಯೇ ಇಲ್ಲ, ಒಂದು ಕಡೆ ಕೂತಿರ್ತಾಳೆ. ಅವಳ ಬಗ್ಗೆ ಚಿಂತೆ ಇಲ್ಲ ಅಲ್ವಾ?

ನೀವೇ ಕೇಳುತ್ತಿದ್ದೀರಿ ಅಂದರೆ ಒಳಗೊಳಗೆ ಸ್ವಲ್ಪ ಚಿಂತೆ ಇದೆ. ಹುಟ್ಟುಗುಣದಿಂದಲೇ ಕೆಲವರು ಹೊಸದಕ್ಕೆ ನಿಧಾನವಾಗಿ ಒಗ್ಗಿಕೊಳ್ಳುವವರು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ ದೀರ್ಘ ಅಧ್ಯಯನದಲ್ಲಿ ಇಂಥ ಮಕ್ಕಳದೇ ಒಂದು ಗುಂಪಿತ್ತು. ಗುಣ ಒಳ್ಳೆಯದೋ ಕೆಟ್ಟದೋ ಅನ್ನುವುದಕ್ಕಿಂತ ಅದು ಸುತ್ತಲಿನವರ ನಿರೀಕ್ಷೆಗೆ ಹೊಂದುತ್ತದಾ ಅನ್ನುವುದು ಮುಖ್ಯ ಅಂತ ಅವರು ಹೇಳಿದರು.

ಅವಳು ಬದಿಯಲ್ಲಿ ಕೂತು ಆಟ ನೋಡುತ್ತಾಳಾ? ಒಬ್ಬರ ಜೊತೆಗಾದರೂ ಮಾತಾಡುತ್ತಾಳಾ? ಮನೆಯಲ್ಲಿ ಹರಟುತ್ತಾಳಾ? ಹೌದಾದರೆ ಅವಸರ ಬೇಡ, ದಿನಾ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಅವಳ ಆಟಕ್ಕೆ ಸೇರಿಕೊಳ್ಳಿ. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ, ಬಿದ್ದರೂ ಅಳುವುದಿಲ್ಲ, ಯಾರನ್ನೂ ಕರೆಯುವುದಿಲ್ಲ ಅಂದರೆ ಅದನ್ನು ಒಳ್ಳೆಯತನ ಅಂತ ಬಿಡಬೇಡಿ. ದಿನದ ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳುವ ರೂಢಿ ನಾನು ಎಲ್ಲರಿಗೂ ಹೇಳುತ್ತೇನೆ: ಇವತ್ತು ನಾನು ಯಾವ ಮಗುವಿನ ಹೆಸರನ್ನೇ ಹೇಳಲಿಲ್ಲ?

## ತರಬೇತಿ ಹೇಗಿರಬೇಕು

ನಮ್ಮವರಿಗೆ ಎರಡು ದಿನದ ಕಾರ್ಯಾಗಾರ ಮಾಡಿಸಿದ್ವಿ. ಎಲ್ಲರೂ ಚೆನ್ನಾಗಿತ್ತು ಅಂದ್ರು. ತರಗತಿಯಲ್ಲಿ ಮಾತ್ರ ಏನೂ ಬದಲಾಗಿಲ್ಲ. ಯಾಕೆ?

ಇದೇ ಆಗುವುದು. ಕೇಳಿ ತಿಳಿದದ್ದಕ್ಕೂ ಗಲಾಟೆಯ ನಡುವೆ ಕೈಗೆ ಬರುವುದಕ್ಕೂ ಬಹಳ ದೂರ. ಈಜಿನ ಬಗ್ಗೆ ಉಪನ್ಯಾಸ ಕೇಳಿ ಯಾರೂ ಈಜುವುದಿಲ್ಲ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದ ಶುರುವಿನಲ್ಲೇ ಇದನ್ನು ಹೇಳಿದರು. ವಿವರಣೆ, ಮಾಡಿ ತೋರಿಸುವುದು, ಅಭ್ಯಾಸ, ಇವಿಷ್ಟೂ ಇದ್ದರೂ ಟೀಚರ್ ತಮ್ಮ ಕೆಲಸದ ಜಾಗದಲ್ಲಿ ಅದನ್ನು ಬಳಸಬೇಕಾದರೆ ಪಕ್ಕದಲ್ಲಿ ನಿಂತು ಹೇಳಿಕೊಡುವ ಕೋಚ್ ಬೇಕು ಅಂತ.

ಶಿಕಾಗೋದಲ್ಲಿ ಸಿಬೆಲ್ ರೇವರ್ ತಂಡ ನಡೆಸಿದ ಯೋಜನೆಯಲ್ಲಿ ಟೀಚರ್‌ಗಳಿಗೆ ತರಬೇತಿ ಕೊಟ್ಟು ಅಲ್ಲಿಗೇ ಬಿಡಲಿಲ್ಲ. ಮಾನಸಿಕ ಆರೋಗ್ಯದ ಸಲಹೆಗಾರರು ನಿಯಮಿತವಾಗಿ ತರಗತಿಗೇ ಬಂದು ಜೊತೆಗೆ ಕೆಲಸ ಮಾಡಿದರು, ಟೀಚರ್‌ಗಳ ಒತ್ತಡದ ಬಗ್ಗೆಯೂ ಮಾತಾಡಿದರು. ತರಗತಿಯ ವಾತಾವರಣ ಸುಧಾರಿಸಿತು, ಮಕ್ಕಳ ನಡವಳಿಕೆಯ ತೊಂದರೆಗಳು ಕಮ್ಮಿಯಾದವು.

ನಿಮ್ಮ ಬಳಿ ಹಣ ಸ್ವಲ್ಪವೇ ಇದ್ದರೆ ಕಾರ್ಯಾಗಾರವನ್ನು ಅರ್ಧ ದಿನಕ್ಕೆ ಇಳಿಸಿ. ಉಳಿದದ್ದನ್ನು ತಿಂಗಳುಗಟ್ಟಲೆ ನಡೆಯುವ ಭೇಟಿಗಳಿಗೆ ಹಾಕಿ. ಪ್ರಮಾಣಪತ್ರದ ಫೋಟೋ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಇರಲಿ.

ಕೋಚ್ ಬಂದು ಕೂತ್ರೆ ಕೈಕಾಲು ನಡುಗುತ್ತೆ. ಅವರು ತಪ್ಪು ಹುಡುಕೋಕೆ ತಾನೇ ಬರೋದು?

ಹಾಗಿದ್ದರೆ ಅವರು ತಪಾಸಣೆ ಮಾಡುವವರು, ಕೋಚ್ ಅಲ್ಲ. ಸಂಬಳ, ಬಡ್ತಿ ನಿರ್ಧರಿಸುವವರೇ ಕೋಚ್ ಆಗಬಾರದು. ಎರಡನ್ನೂ ಒಬ್ಬರೇ ಮಾಡಿದರೆ ಟೀಚರ್ ನಾಟಕ ಮಾಡುತ್ತಾರೆ, ನಾನಾದರೂ ಮಾಡುತ್ತೇನೆ.

ಒಳ್ಳೆ ಕೋಚಿಂಗ್ ಚಿಕ್ಕದಾಗಿರುತ್ತದೆ. ಟೀಚರ್ ತಾವೇ ಒಂದು ಗುರಿ ಆರಿಸುತ್ತಾರೆ. ಉದಾಹರಣೆಗೆ, ಮಗು ಅಳುವಾಗ ಮೊದಲು ಅದರ ಎತ್ತರಕ್ಕೆ ಬಗ್ಗುವುದು. ಕೋಚ್ ಅದನ್ನಷ್ಟೇ ನೋಡುತ್ತಾರೆ. ಆಮೇಲೆ ಕೂತು ಮಾತಾಡುವಾಗ ಮೊದಲ ಮಾತು ಟೀಚರ್‌ದು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ಟೀಚರ್ ತಮ್ಮ ತರಗತಿಯ ವಿಡಿಯೋ ತಾವೇ ಕಳಿಸುತ್ತಾರೆ. ಕೋಚ್ ಅದರಿಂದ ಚಿಕ್ಕ ಚಿಕ್ಕ ತುಣುಕು ಆರಿಸುತ್ತಾರೆ, ಚೆನ್ನಾಗಿ ಆದದ್ದನ್ನು ಮೊದಲು ತೋರಿಸುತ್ತಾರೆ. ತಮ್ಮದೇ ಮುಖವನ್ನು ಮಗುವಿನ ಕಡೆಯಿಂದ ನೋಡುವುದು ಮೊದಮೊದಲು ಮುಜುಗರ. ಆದರೆ ಅಷ್ಟು ಬೇಗ ಕಲಿಸುವ ಸಾಧನ ಇನ್ನೊಂದನ್ನು ನಾನು ಕಂಡಿಲ್ಲ. ವಿಡಿಯೋ ಮಾಡುವ ಮೊದಲು ಪೋಷಕರ ಒಪ್ಪಿಗೆ ಬೇಕು.

ಸಿದ್ಧ ಪಠ್ಯಕ್ರಮ ತಗೊಂಡ್ರೆ ಸುಲಭ ಅಲ್ವಾ?

ಪಾತ್ಸ್, ಇನ್‌ಕ್ರೆಡಿಬಲ್ ಇಯರ್ಸ್ ತರಹದವು ಚೆನ್ನಾಗಿ ಪರೀಕ್ಷೆಗೊಳಗಾದವು. ಹೊಸ ಟೀಚರ್‌ಗೆ ಹಿಡಿದು ನಡೆಯಲು ಒಂದು ದಾರಿ ಸಿಗುತ್ತದೆ. ಆದರೆ ಬೊಂಬೆ ಹಿಡಿದು ಅನುಕಂಪದ ಪಾಠ ಮಾಡಿ, ಐದು ನಿಮಿಷಕ್ಕೆ ನೀರು ಚೆಲ್ಲಿದ ಮಗುವಿನ ಮೇಲೆ ಕೂಗಾಡಿದರೆ ಮಕ್ಕಳಿಗೆ ಎರಡನೆಯದೇ ನೆನಪಿರುವುದು. ಕೊಳ್ಳುವ ಮೊದಲು ಕೇಳಿ: ಇದರ ಜೊತೆ ಕೋಚಿಂಗ್ ಬರುತ್ತದಾ, ಬರೀ ಪೆಟ್ಟಿಗೆ ಬರುತ್ತದಾ?

ನಂಗೇ ಸಿಟ್ಟು ತಡೆಯೋಕಾಗಲ್ಲ. ಇಂಥವಳು ಮಕ್ಕಳಿಗೆ ಏನು ಕಲಿಸಲಿ?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಚಿಂತೆ ಕಮ್ಮಿ. ಯಾವತ್ತೂ ಸಿಟ್ಟೇ ಬಂದಿಲ್ಲ ಅನ್ನುವವರ ಬಗ್ಗೆಯೇ ಜಾಸ್ತಿ.

ದಿನವಿಡೀ ನಗುಮುಖ ಇಟ್ಟುಕೊಳ್ಳುವುದೂ ದುಡಿಮೆಯೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ 1983ರಲ್ಲಿ ಇಂಥ ದುಡಿಮೆಯ ಬಗ್ಗೆ ಬರೆದರು. ಒಳಗಿನದನ್ನು ಅದುಮಿ ಹೊರಗೆ ಬೇರೆ ತೋರಿಸುವವರು ಬೇಗ ಬಸವಳಿಯುತ್ತಾರೆ. ಹಾಗಾಗಿ ತರಬೇತಿಯಲ್ಲಿ ಟೀಚರ್‌ಗಳ ಭಾವನೆಗೂ ಜಾಗ ಇರಬೇಕು. ನಿಮ್ಮನ್ನು ಹೆಚ್ಚು ಕೆರಳಿಸುವುದು ಯಾವುದು? ಕಿರುಚಾಟವಾ, ಎದುರುತ್ತರವಾ, ಅಂಟಿಕೊಂಡೇ ಇರುವ ಮಗುವಾ? ಚಿಕ್ಕವರಿದ್ದಾಗ ನೀವು ಅತ್ತರೆ ಮನೆಯಲ್ಲಿ ಏನಾಗುತ್ತಿತ್ತು? ಇದನ್ನು ಗುಂಪಿನಲ್ಲಿ ಹೇಳಲೇಬೇಕು ಅಂತ ಒತ್ತಾಯ ಬೇಡ, ಬರೆದುಕೊಂಡರೂ ಸಾಕು. ಉತ್ತರ ಗೊತ್ತಿದ್ದರೆ ಮೈಯಲ್ಲಿ ಸಿಟ್ಟು ಏರುವ ಮೊದಲ ಸುಳಿವು ಹಿಡಿಯಬಹುದು. ದವಡೆ ಬಿಗಿಯುವುದು, ದನಿ ಏರುವುದು. ಆಗ ಸಹೋದ್ಯೋಗಿಗೆ ಸನ್ನೆ ಮಾಡಿ ಎರಡು ನಿಮಿಷ ಆಚೆ ಹೋಗಲು ಮೊದಲೇ ಒಪ್ಪಂದ ಇರಲಿ. ಇದನ್ನು ಸೋಲು ಅಂತ ನೋಡುವ ಶಾಲೆಯಲ್ಲಿ ತರಬೇತಿ ಹತ್ತುವುದಿಲ್ಲ.

ಕೂಗಿಬಿಟ್ಟರೆ ಏನು? ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧ. ಆಡುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ಮಾಡಿಕೊಳ್ಳುತ್ತಾಳೆ. ಮಗು ಅವಳನ್ನು ಮರಳಿ ಸೆಳೆಯಲು ಒದ್ದಾಡಿ, ಕೊನೆಗೆ ಮುಖ ತಿರುಗಿಸುತ್ತದೆ. ಆದರೆ ಅದೇ ಟ್ರಾನಿಕ್ ಹೇಳಿದ ಇನ್ನೊಂದು ಮಾತು ಅಷ್ಟು ಪ್ರಚಾರವಾಗಿಲ್ಲ. ಒಳ್ಳೆಯ ನಂಟಿನಲ್ಲೂ ಹೊಂದಿಕೆ ಪದೇ ಪದೇ ತಪ್ಪುತ್ತದೆ, ಅದನ್ನು ಮತ್ತೆ ಸರಿಮಾಡಿಕೊಳ್ಳುವುದೇ ಮುಖ್ಯ ಅಂತ. 'ನಾನು ಜೋರಾಗಿ ಕೂಗಿದೆ, ನಿಂಗೆ ಹೆದರಿಕೆ ಆಯ್ತು. ಅದು ನಿನ್ನ ತಪ್ಪಲ್ಲ' ಅನ್ನಿ. ಸಿಟ್ಟಾದವರೂ ಮರಳಿ ಬರುತ್ತಾರೆ ಅಂತ ಮಗುವಿಗೆ ತಿಳಿಯುತ್ತದೆ.

## ಕಷ್ಟದ ಪ್ರಶ್ನೆಗಳು

ಒಂದೇ ಮಗು ಇಡೀ ತರಗತಿಯನ್ನ ಬುಡಮೇಲು ಮಾಡುತ್ತೆ. ಎಲ್ಲ ಪ್ರಯತ್ನ ಆಯ್ತು. ಬಿಡಿಸಿ ಕಳಿಸೋದು ಬಿಟ್ಟು ಬೇರೆ ದಾರಿ ಇದೆಯಾ?

ಈ ಯೋಚನೆ ನಿಮಗೊಬ್ಬರಿಗೇ ಬಂದದ್ದಲ್ಲ. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ 2005ರಲ್ಲಿ ಅಮೆರಿಕದ ಪ್ರಿಸ್ಕೂಲ್‌ಗಳ ಲೆಕ್ಕ ತೆಗೆದರು. ಸಾವಿರಕ್ಕೆ ಸುಮಾರು 6.7 ಮಕ್ಕಳನ್ನು ಹೊರಗೆ ಹಾಕುತ್ತಿದ್ದರು. ದೊಡ್ಡ ಮಕ್ಕಳ ಶಾಲೆಗಳಿಗೆ ಹೋಲಿಸಿದರೆ ಇದು ಮೂರು ಪಟ್ಟು ಜಾಸ್ತಿ. ಟೀಚರ್‌ಗೆ ಮಾನಸಿಕ ಆರೋಗ್ಯದ ಸಲಹೆಗಾರರ ನೆರವು ಇದ್ದ ಕಡೆ ಹೊರಹಾಕುವುದು ಕಮ್ಮಿ ಇತ್ತು. ಅಲ್ಲಿ ಟೀಚರ್‌ನ ಬೆನ್ನಿಗೆ ಯಾರೋ ಇದ್ದರು.

ಕಳಿಸುವ ಮೊದಲು ಎರಡು ಕೆಲಸ ನಿಜವಾಗಿ ಆಗಿದೆಯಾ ನೋಡಿ. ಒಂದು, ಆ ನಡವಳಿಕೆಯಿಂದ ಮಗುವಿಗೆ ಸಿಗುವುದೇನು ಅಂತ ಬರೆದು ನೋಡುವುದು. ತಳ್ಳಿದ ತಕ್ಷಣ ಟೀಚರ್ ಓಡಿಬರುತ್ತಾರೆ ಅಂದರೆ, ತಳ್ಳುವುದು ಟೀಚರನ್ನು ಕರೆಯುವ ದಾರಿ. ಹಾಗಾದರೆ ಕರೆಯಲು ಬೇರೆ ದಾರಿ ಕಲಿಸಬೇಕು, ಕರೆದಾಗ ಹೋಗಲೂಬೇಕು. ಎರಡು, ಅವನ ಜೊತೆಗಿನ ನಂಟು. ರಾಬರ್ಟ್ ಪಿಯಾಂಟಾ ಮತ್ತು ಬ್ರಿಜೆಟ್ ಹ್ಯಾಮ್ರಿ ಹೇಳುವ ಒಂದು ವಿಧಾನ ಇದೆ: ವಾರಕ್ಕೆ ಕೆಲವು ಸಲ ಹತ್ತು ಹದಿನೈದು ನಿಮಿಷ ಆ ಮಗುವಿನ ಜೊತೆ ಮಾತ್ರ, ಅದು ಹೇಳಿದ ಆಟ. ಪಾಠವಿಲ್ಲ, ತಿದ್ದುವುದಿಲ್ಲ, ಹೊಗಳುವುದೂ ಇಲ್ಲ. ಅವತ್ತು ಅವನು ಕೆಟ್ಟದಾಗಿ ನಡೆದುಕೊಂಡ ಅಂತ ಈ ಸಮಯವನ್ನು ಕಿತ್ತುಕೊಳ್ಳಬಾರದು. ಟೀಚರ್‌ಗಳು ತಕರಾರು ಮಾಡುವುದು ಇಲ್ಲೇ. 'ಇದು ಬಹುಮಾನ ಕೊಟ್ಟಂತಾಗಲ್ವಾ?' ಅಂತ. ನಂಟನ್ನು ಬಹುಮಾನ ಅಂತ ಎಣಿಸುವುದನ್ನು ಬಿಡುವುದೇ ಈ ಅಭ್ಯಾಸದ ಅರ್ಧ ಭಾಗ.

ನಾವಿಲ್ಲಿ ಸಮಾಧಾನದಿಂದ ಹೇಳ್ತೀವಿ, ಮನೆಯಲ್ಲಿ ಹೊಡೀತಾರೆ. 'ಗಂಡು ಹುಡುಗ ಅಳಬಾರ್ದು' ಅಂತಾರೆ. ನಮ್ಮ ಕೆಲಸ ದಂಡ ತಾನೇ?

ದಂಡ ಅಲ್ಲ. ಮಕ್ಕಳು ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಅನ್ನುವುದನ್ನು ಬೇಗ ಗುರುತಿಸುತ್ತಾರೆ. ಒಂದು ಕಡೆಯಾದರೂ ನಂಬಿದ ಹಿರಿಯರು ಇರುವುದು ಸಣ್ಣ ಸಂಗತಿಯಲ್ಲ.

ಮನೆಯವರಿಗೆ ಉಪದೇಶ ಮಾಡಬೇಡಿ. 'ಅವನು ಅತ್ತಾಗ ಮನೆಯಲ್ಲಿ ನೀವೇನು ಮಾಡ್ತೀರಿ? ಯಾವುದಕ್ಕೆ ಬೇಗ ಸಮಾಧಾನ ಆಗ್ತಾನೆ?' ಅಂತ ಕೇಳಿ. ನಿಜವಾಗಿ ಕೇಳಿಸಿಕೊಳ್ಳಿ. ಭಾವನೆಯನ್ನು ಎಷ್ಟು ತೋರಿಸಬೇಕು ಅನ್ನುವುದು ಮನೆಯಿಂದ ಮನೆಗೆ ಬೇರೆ. ಮಿತವಾಗಿ ತೋರಿಸುವ ಮನೆಯಲ್ಲಿ ಮಗುವಿಗೆ ಪ್ರೀತಿ ಇಲ್ಲ ಅಂತ ತೀರ್ಮಾನಿಸಬಾರದು. ಆದರೆ ಮೈಮೇಲೆ ಗುರುತು, ಗಾಯ, ಹೇಳಲಾಗದ ಹೆದರಿಕೆ ಕಂಡರೆ ಅದು ಸಂಪ್ರದಾಯದ ಪ್ರಶ್ನೆಯಲ್ಲ. ಮಕ್ಕಳ ರಕ್ಷಣೆಯ ನಿಯಮದಂತೆ ತಿಳಿಸಲೇಬೇಕು. ಯಾರಿಗೆ, ಹೇಗೆ ತಿಳಿಸಬೇಕು ಅನ್ನುವುದು ಪ್ರತಿ ಟೀಚರ್‌ಗೆ ಮೊದಲ ವಾರವೇ ಗೊತ್ತಿರಬೇಕು.

ಯಾವಾಗ ತಜ್ಞರ ಹತ್ರ ಕಳಿಸ್ಬೇಕು ಅಂತ ಟೀಚರ್‌ಗೆ ಹೇಗೆ ಗೊತ್ತಾಗುತ್ತೆ?

ಎಷ್ಟು ದಿನದಿಂದ, ಎಷ್ಟು ಕಡೆ, ಎಷ್ಟು ತೀವ್ರವಾಗಿ ಅಂತ ನೋಡಿ. ವಾರಗಟ್ಟಲೆ ಇದೆ, ಮನೆಯಲ್ಲೂ ಇದೆ ಇಲ್ಲೂ ಇದೆ, ಊಟ, ನಿದ್ದೆ, ಆಟಕ್ಕೆ ಅಡ್ಡಿಯಾಗಿದೆ ಅಂದರೆ ಕಾಯಬೇಡಿ. ಬಂದ ಮಾತು ನಿಂತುಹೋದರೆ, ಕಲಿತದ್ದು ಹಿಂದಕ್ಕೆ ಹೋದರೆ, ತನಗೆ ತಾನೇ ನೋವು ಮಾಡಿಕೊಂಡರೆ ಅಂದೇ ಮಾತಾಡಿ. ರಾಬರ್ಟ್ ಗುಡ್‌ಮನ್ 1997ರಲ್ಲಿ ಕೊಟ್ಟ 25 ಪ್ರಶ್ನೆಗಳ ಪಟ್ಟಿಯಂಥವು ಟೀಚರ್ ಮತ್ತು ಪೋಷಕರ ಮಾತನ್ನು ಒಂದೆಡೆ ತರಲು ನೆರವಾಗುತ್ತವೆ. ಅದು ಎಚ್ಚರಿಸುತ್ತದೆ, ರೋಗದ ಹೆಸರು ಹೇಳುವುದಿಲ್ಲ. ಟೀಚರ್ ಕೂಡ ಹೇಳಬಾರದು. 'ನಾನು ಕಂಡದ್ದು ಇದು' ಅಂತ ಮಾತ್ರ ಹೇಳಿ.

ತರಬೇತಿ ಫಲ ಕೊಟ್ಟಿದೆಯಾ ಅಂತ ಅಳೆಯೋದು ಹೇಗೆ? ಹಣ ಕೊಡುವವರು ಅಂಕಿ ಕೇಳ್ತಾರೆ.

ತರಬೇತಿಯ ಕೊನೆಗೆ ತುಂಬಿಸುವ 'ನಿಮಗೆ ಇಷ್ಟವಾಯಿತೇ' ಫಾರ್ಮ್ ಬಿಡಿ, ಅದು ಹೆಚ್ಚೆಂದರೆ ತರಬೇತುದಾರರ ಮಾತುಗಾರಿಕೆ ಹೇಳುತ್ತದೆ. ಮೊದಲು ಟೀಚರ್ ನಡವಳಿಕೆ ಬದಲಾಯಿತಾ ನೋಡಿ. ಪಿಯಾಂಟಾ ಮತ್ತು ಸಂಗಡಿಗರು ರೂಪಿಸಿದ ಕ್ಲಾಸ್ ಎಂಬ ಮಾಪಕದಲ್ಲಿ, ತರಬೇತಾದ ವೀಕ್ಷಕರು ತರಗತಿಯ ಭಾವನಾತ್ಮಕ ಬೆಂಬಲವನ್ನು 1ರಿಂದ 7ರವರೆಗೆ ಅಳೆಯುತ್ತಾರೆ. ಮಕ್ಕಳ ಕಡೆ ನೋಡಬೇಕಾದರೆ ಸುಸಾನ್ ಡೆನ್ಹಮ್ ರೂಪಿಸಿದ ಬೊಂಬೆಯ ಪರೀಕ್ಷೆ ಇದೆ. ಬೊಂಬೆಗೆ ಏನೋ ಆಗುತ್ತದೆ, ಮಗು ಸರಿಯಾದ ಮುಖ ಆರಿಸಿ ಅಂಟಿಸುತ್ತದೆ. ಪುಟ್ಟ ಮಕ್ಕಳಿಗೆ ಆಟದಂತೆಯೇ ಇರುತ್ತದೆ.

ಇವಕ್ಕೆಲ್ಲ ಹಣವಿಲ್ಲದಿದ್ದರೆ ಒಂದು ಗಂಟೆ ಕೂತು ಎಣಿಸಿ. ಎಷ್ಟು ಮಕ್ಕಳು ಅತ್ತರು, ಎಷ್ಟು ಜನರ ಹತ್ತಿರ ಯಾರಾದರೂ ಹೋದರು, ಟೀಚರ್ ಎಷ್ಟು ಸಲ ದೂರದಿಂದಲೇ ಕೂಗಿ ಹೇಳಿದರು. ಮೂರು ತಿಂಗಳ ನಂತರ ಅದೇ ಹೊತ್ತಿಗೆ ಮತ್ತೆ ಎಣಿಸಿ. ಒಂದು ಎಚ್ಚರಿಕೆ: ಶುರುವಿನಲ್ಲಿ ಅಳುವ ಮಕ್ಕಳ ಸಂಖ್ಯೆ ಏರಬಹುದು. ಅಳಬಹುದು ಅಂತ ಗೊತ್ತಾದಾಗ ಸುಮ್ಮನಿದ್ದವರೂ ಅಳುತ್ತಾರೆ. ಇದನ್ನು ಹಣ ಕೊಡುವವರಿಗೆ ಮೊದಲೇ ಹೇಳಿಡಿ.

ತರಬೇತಿ ಕೊಟ್ಟವರೆಲ್ಲ ವರ್ಷದೊಳಗೆ ಬಿಟ್ಟು ಹೋಗ್ತಾರೆ. ಮತ್ತೆ ಮೊದಲಿಂದ ಶುರು. ಏನು ಮಾಡೋದು?

ಸಂಬಳ ಮತ್ತು ಒಬ್ಬರ ಪಾಲಿಗೆ ಬರುವ ಮಕ್ಕಳ ಸಂಖ್ಯೆ ಸರಿಯಾಗದೆ ತರಬೇತಿಯೊಂದರಿಂದ ಇದು ನಿಲ್ಲುವುದಿಲ್ಲ. ನೇರವಾಗಿಯೇ ಹೇಳಬೇಕು. ನಿಮ್ಮ ಕೈಯಲ್ಲಿರುವುದು ಕಲಿಕೆಯನ್ನು ಒಬ್ಬರ ತಲೆಯಲ್ಲಿ ಬಿಡದೆ ಶಾಲೆಯಲ್ಲಿ ಉಳಿಸಿಕೊಳ್ಳುವುದು. ಅಡುಗೆಯವರು, ಆಯಾ, ವಾಹನ ಓಡಿಸುವವರು, ಎಲ್ಲರನ್ನೂ ತರಬೇತಿಗೆ ಸೇರಿಸಿ. ಬೆಳಗ್ಗೆ ಅಳುವ ಮಗುವನ್ನು ಎಷ್ಟೋ ಸಲ ಮೊದಲು ನೋಡುವವರು ಅವರೇ. ಹಳಬರೊಬ್ಬರನ್ನು ಒಳಗಿನ ಕೋಚ್ ಆಗಿ ಬೆಳೆಸಿ, ಆ ಗಂಟೆಗಳನ್ನು ಅವರ ಕೆಲಸದ ಲೆಕ್ಕಕ್ಕೇ ಹಾಕಿ. ಹೊಸಬರಿಗೆ ಮೊದಲ ವಾರ ಪೂರ್ತಿ ಗುಂಪಿನ ಹೊಣೆ ಬೇಡ.

ಬಿಟ್ಟು ಹೋಗುವವರ ವಿಷಯ ಮಕ್ಕಳಿಗೆ ಮುಚ್ಚಿಡಬೇಡಿ. ಸೋಮವಾರ ಬಂದರೆ ಟೀಚರ್ ಇಲ್ಲ ಅಂದರೆ ಹೇಗಿರುತ್ತದೆ? ಕೆಲವು ದಿನ ಮೊದಲೇ ಹೇಳಿ, ಅವರೇ ಹೇಳಲಿ. ಹೊಸ ಟೀಚರ್ ಅಷ್ಟರೊಳಗೆ ಬಂದು ಹಳಬರ ಜೊತೆ ಸ್ವಲ್ಪ ದಿನ ಇರಲಿ. ಪ್ರತಿ ಮಗು ಯಾವುದಕ್ಕೆ ಹೆದರುತ್ತದೆ, ಹೇಗೆ ಸಮಾಧಾನ ಆಗುತ್ತದೆ ಅಂತ ಒಂದೊಂದು ಸಾಲು ಬರೆದು ಅವರ ಕೈಗೆ ಕೊಡಿ.